ಒಂದು ತುಣುಕು ಜಾಸ್ತಿ

ರಾಮನವಮಿಯ ಮಾರನೆಯ ದಿನ ಬೆಳಿಗ್ಗೆ ಕಪಿಲಾ ತೀರದ ಆ ಪುಟ್ಟ ಆಶ್ರಮದಲ್ಲಿ ಧ್ಯಾನಕ್ಕೆ ಯಾರೂ ಕೂರಲಿಲ್ಲ. ಎಲ್ಲರೂ ಚೊಂಬು ಹಿಡಿದು ಬೇಲಿಯ ಕಡೆ ಓಡುತ್ತಿದ್ದರು.

ಹತ್ತು ಶಿಷ್ಯರಲ್ಲಿ ಒಂಬತ್ತು ಮಂದಿಗೆ ಭೇದಿ. ಗುರುಗಳಿಗೂ ಭೇದಿ.

ಗಟ್ಟಿಯಾಗಿದ್ದವರು ಇಬ್ಬರೇ. ಒಬ್ಬ ಮಾದಪ್ಪ, ಹಿಂದಿನ ದಿನ ಹನಿ ನೀರೂ ಮುಟ್ಟದೆ ಉಪವಾಸ ಮಾಡಿದ್ದ ಶಿಷ್ಯ. ಇನ್ನೊಬ್ಬರು ಸಣ್ಣತಾಯಮ್ಮ, ಇಪ್ಪತ್ತೆರಡು ವರ್ಷದಿಂದ ಆಶ್ರಮಕ್ಕೆ ಬೇಯಿಸಿ ಹಾಕುತ್ತಿದ್ದವರು. ಸಕ್ಕರೆ ಕಾಯಿಲೆ ಇದ್ದುದರಿಂದ ಹಬ್ಬದ ಬೆಲ್ಲದ ಪಾನಕವನ್ನು ಅವರು ಕುಡಿದಿರಲಿಲ್ಲ.

ತಾನು ಗಟ್ಟಿಯಾಗಿರುವುದು ವ್ರತದ ಫಲ ಎಂದು ಮಾದಪ್ಪ ತೀರ್ಮಾನಿಸಿದ. ಆಕೆ ಗಟ್ಟಿಯಾಗಿರುವುದು ಮಾತ್ರ ಅನುಮಾನದ ವಿಷಯ ಎಂದೂ ತೀರ್ಮಾನಿಸಿದ. ಎರಡಕ್ಕೂ ಅವನಿಗೆ ಹಲ್ಲುಜ್ಜುವಷ್ಟು ಹೊತ್ತು ಸಾಕಾಯಿತು.

ಬೇಲಿಯ ಕಡೆಯಿಂದ ಬರುತ್ತಿದ್ದ ಗುರುಗಳಿಗೆ ಅಡ್ಡ ನಿಂತು ಹೇಳಿದ:

"ಗುರುಗಳೇ, ಆಯಮ್ಮನ ಕೈ ಶುದ್ಧ ಇಲ್ಲ. ಕಳಿಸಿಬಿಡಿ."

"ಈ ಮಾತು ಇನ್ಯಾರಿಗೆ ಹೇಳಿದೀಯ?"

"ಕೆಂಪಯ್ಯನೋರಿಗೆ ಮಾತ್ರ. ಅವರು ಯಾರಿಗೂ ಹೇಳೋರಲ್ಲ."

"ಸರಿ ಹೋಯ್ತು," ಎಂದ ಗುರುಗಳು ಹೊಟ್ಟೆ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸ್ಸು ಓಡಿದರು.

ಆಶ್ರಮ ಕಟ್ಟುವ ಮೊದಲು ಗುರುಗಳು ಕಾಲೇಜಿನಲ್ಲಿ ಮೂವತ್ತು ವರ್ಷ ಬ್ಯಾಕ್ಟೀರಿಯಾಗಳ ಪಾಠ ಹೇಳಿದವರು. ಮನೆ ಬಿಟ್ಟರು, ಪೆನ್ಷನ್ ಬಿಟ್ಟರು, ಸೂಕ್ಷ್ಮದರ್ಶಕ ಮಾತ್ರ ಬಿಡಲಿಲ್ಲ. ಮಧ್ಯಾಹ್ನ ಸ್ವಲ್ಪ ಸುಧಾರಿಸಿಕೊಂಡು ಅದನ್ನು ಜಗಲಿಗೆ ತರಿಸಿದರು. ಅಷ್ಟರಲ್ಲಿ ಅವರ ಅಪ್ಪಣೆಯಂತೆ ಹನ್ನೆರಡು ಮಂದಿಯೂ ನಾಚಿಕೆ ಬಿಟ್ಟು, ಹೆಸರು ಅಂಟಿಸಿದ ಒಂದೊಂದು ಸೀಸೆಯಲ್ಲಿ ತಮ್ಮ ತಮ್ಮ ಹೊಟ್ಟೆಯ ಸಮಾಚಾರ ತಂದಿಟ್ಟಿದ್ದರು.

ಗುರುಗಳು ಗಾಜಿನ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ, ಮಾದಪ್ಪನನ್ನು ಕರೆದರು.

"ಏನು ಕಾಣುತ್ತೆ?"

"ಸಣ್ಣ ಸಣ್ಣ ಕಡ್ಡಿಗಳು. ಥೂ, ಲಕ್ಷಾಂತರ ಇವೆ! ನಾನು ಹೇಳಲಿಲ್ವಾ? ಇಂಥ ಹೊಟ್ಟೆ ಇಟ್ಕೊಂಡು ಅಡುಗೆ ಮಾಡ್ತಾರಲ್ಲ!"

"ಅದು ನಿನ್ನ ಹೊಟ್ಟೆ."

ಮಾದಪ್ಪ ಇನ್ನೊಮ್ಮೆ ಇಣುಕಿದ. ಈ ಸಲ ಕಡ್ಡಿಗಳು ಅಷ್ಟೇನೂ ಅಸಹ್ಯವಾಗಿ ಕಾಣಲಿಲ್ಲ.

"ಎಲ್ಲರಲ್ಲೂ ಇರುತ್ತಾ, ಗುರುಗಳೇ?"

"ಎಲ್ಲರಲ್ಲೂ. ಸುಮ್ಮನೆ ಸಂಸಾರ ಮಾಡ್ಕೊಂಡು ಇರ್ತವೆ."

"ಹಾಗಾದ್ರೆ ರೋಗ ತರೋದು?"

"ಅದೂ ಇದೇ ಜಾತಿ. ಒಳಗೆ ಒಂದು ತುಣುಕು ಜಾಸ್ತಿ. ವಿಷ ಮಾಡೋ ಜೀನು."

"ಹುಟ್ಟುತ್ತಾನೇ ಬಂದಿರುತ್ತಾ?"

"ಕೆಲವಕ್ಕೆ. ಕೆಲವಕ್ಕೆ ಪಕ್ಕದಲ್ಲಿದ್ದದ್ದು ಕೊಡುತ್ತೆ. ಸಣ್ಣ ಕೊಳವೆ ಚಾಚಿ ದಾಟಿಸಿಬಿಡುತ್ತೆ. ಬೆಳಿಗ್ಗೆ ಸಾಧುವಾಗಿದ್ದದ್ದು ಸಂಜೆಗೆ ರೋಗ ಹರಡುತ್ತೆ."

"ಅಯ್ಯೋ ಪಾಪ. ಅಂಥದ್ದರ ಪಕ್ಕ ಯಾಕೆ ನಿಲ್ಲಬೇಕು?"

"ನಿಂತಾಗ ಗೊತ್ತಾಗಲ್ವಲ್ಲಪ್ಪ," ಎಂದು ಗುರುಗಳು ಎದ್ದರು. "ಆ ತುಣುಕು ನನ್ನ ಕಣ್ಣಿಗೂ ಕಾಣಲ್ಲ. ಸೀಸೆಗಳನ್ನ ಪೇಟೆಗೆ ತಗೊಂಡು ಹೋಗು, ನನ್ನ ಹಳೇ ವಿದ್ಯಾರ್ಥಿನಿ ಅನಸೂಯಾ ಪರೀಕ್ಷೆ ಮಾಡ್ತಾಳೆ. ನೀನು ನೀರು ತರೋ ಮೆಟ್ಟಿಲ ಹತ್ತಿರ ಹದಿಮೂರನೇದು ತುಂಬಿಸ್ಕೊ."

"ನದೀದು ಯಾಕೆ?"

"ಕಪಿಲೆಗೂ ಒಂದು ಹೊಟ್ಟೆ ಇದೆ."

ಬಸ್ಸಿನಲ್ಲಿ ಮಾದಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತ. ಪಕ್ಕದ ಮುದುಕ ಕಾವಿಯನ್ನೂ ಸೀಸೆಗಳನ್ನೂ ನೋಡಿ ಕೈಮುಗಿದ.

"ಪ್ರಸಾದವಾ ಬುದ್ಧಿ? ನನಗೂ ಒಂದು ಕೊಡಿ."

"ಇದು ಕೊಡೋ ಅಂಥದ್ದಲ್ಲ."

"ಸ್ವಾಮಿಗಳಿಗೇ ಇಷ್ಟು ಜಿಪುಣತನ," ಎಂದು ಮುದುಕ ಮುಖ ತಿರುಗಿಸಿದ.

ಅನಸೂಯಾ ಸೀಸೆಗಳನ್ನು ಎಣಿಸಿಕೊಂಡು, ನಾಲ್ಕು ದಿನ ಬಿಟ್ಟು ಬನ್ನಿ ಎಂದಳು.

ಆ ನಾಲ್ಕು ದಿನದಲ್ಲಿ ಭೇದಿ ನಿಂತಿತು. ಮಾತು ನಿಲ್ಲಲಿಲ್ಲ.

ಕೆಂಪಯ್ಯ ಸೊಳ್ಳೆ ಕಚ್ಚಿದರೂ ಪಾಪ ಅನ್ನುವ ಹಿರಿಯ ಶಿಷ್ಯರು. ಅವರು ಒಬ್ಬನಿಗೆ ಹೇಳಿದರು, ಅವನು ಇಬ್ಬರಿಗೆ. ಮೊದಲ ದಿನ ಸಣ್ಣತಾಯಮ್ಮನ ಕೈ ಕೊಳೆಯಾಯಿತು. ಎರಡನೆಯ ದಿನ ಸೆರಗು. ಮೂರನೆಯ ದಿನದ ಹೊತ್ತಿಗೆ ಹೋದ ವರ್ಷ ಗುರುಗಳಿಗೆ ಬಂದ ಜ್ವರವೂ ಆಕೆಯದೇ ಆಯಿತು. ಆಕೆ ಬಡಿಸಿದ ಅನ್ನ ತಟ್ಟೆಯಲ್ಲೇ ಉಳಿಯತೊಡಗಿತು. ಗುರುಗಳೊಬ್ಬರು ಎಂದಿನಂತೆ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡರು.

ಉಳಿದವರಿಗೆ ಮಾದಪ್ಪನೇ ಮುದ್ದೆ ಕಟ್ಟಿದ. ಅದನ್ನು ತಿಂದವರು ಮತ್ತೆ ಎರಡು ದಿನ ಬೇಲಿಯ ಕಡೆ ಹೋಗಲಿಲ್ಲ. ಹೋಗಬೇಕೆಂದರೂ ಆಗಲಿಲ್ಲ.

ನಾಲ್ಕನೆಯ ದಿನ ಅನಸೂಯಾ ಕಾಗದ ನೋಡಿ ಹೇಳಿದಳು:

"ಹನ್ನೆರಡರಲ್ಲೂ ಅದೇ ಬ್ಯಾಕ್ಟೀರಿಯಾ. ಹತ್ತರಲ್ಲಿ ವಿಷದ ಜೀನ್ ಇದೆ. ನಿಮ್ಮದರಲ್ಲಿ ಇಲ್ಲ, ಅಡುಗೆಯವರದರಲ್ಲೂ ಇಲ್ಲ."

"ಮತ್ತೆ ಎಲ್ಲಿಂದ ಬಂತು?"

"ಹದಿಮೂರನೇ ಸೀಸೆಯಲ್ಲಿ ಧಾರಾಳವಾಗಿದೆ. ನದಿ ನೀರನ್ನ ಕುದಿಸದೆ ಯಾರಾದರೂ ಕುಡಿದರಾ?"

ಮಾದಪ್ಪನಿಗೆ ಹಬ್ಬದ ದಿನದ ಹಂಡೆ ನೆನಪಾಯಿತು.

ಪಾನಕಕ್ಕೆಂದು ಸಣ್ಣತಾಯಮ್ಮ ಒಂದು ಹಂಡೆ ನೀರು ಕುದಿಸಿ ಆರಿಸಿಟ್ಟಿದ್ದರು. ಕುದಿಸಿದ ನೀರು ಸತ್ತ ನೀರು, ದೇವರಿಗೆ ಸಲ್ಲದು ಎಂದು ಮಾದಪ್ಪ ಅದನ್ನು ತುಳಸಿಗೆ ಸುರಿದಿದ್ದ. ಒದ್ದೆ ಪಂಚೆಯಲ್ಲಿ ನದಿಗಿಳಿದು, ಮಂತ್ರ ಹೇಳುತ್ತಾ ಹೊಸ ನೀರು ಹೊತ್ತು ತಂದು, ಪಾನಕ ಕಲಸಿದ್ದ. ಉಪವಾಸವೆಂದು ತಾನು ಮಾತ್ರ ಕುಡಿದಿರಲಿಲ್ಲ.

ಸಂಜೆಯ ಬಸ್ಸಿನಿಂದ ಅವನು ಇಳಿದಾಗ, ಅದೇ ಬಸ್ಸು ಹತ್ತಲು ಸಣ್ಣತಾಯಮ್ಮ ನಿಂತಿದ್ದರು. ಪಕ್ಕದಲ್ಲಿ ಅವರ ತಗಡಿನ ಟ್ರಂಕು.

"ಅಮ್ಮ, ಹೋಗಬೇಡಿ."

"ಉಣ್ಣೋರಿಲ್ಲದ ಮನೇಲಿ ಅಡುಗೆಯವಳಿಗೇನಪ್ಪ ಕೆಲಸ? ಗುರುಗೋಳು ಬ್ಯಾಡ ಅಂದ್ರು. ಅವರೊಬ್ಬರ ಹೊಟ್ಟೆಗೆ ನಾನ್ಯಾಕೆ ಇರ್ಲಿ?"

"ನೀವು ಕುದಿಸಿಟ್ಟ ನೀರು ಚೆಲ್ಲಿದ್ದು ನಾನು. ಹಸಿ ನೀರು ಹಾಕಿದ್ದು ನಾನು. ನಿಮ್ಮ ಮೇಲೆ ಹೇಳಿದ್ದೂ ನಾನೇ."

ಕಂಡಕ್ಟರ್ ಸೀಟಿ ಊದಿದ. "ಹತ್ತೀರಾ ಇಲ್ವಾ?"

"ತಡಿಯಪ್ಪ, ಇವನು ತಪ್ಪು ಒಪ್ಕತಾವ್ನೆ. ಇಪ್ಪತ್ತೆರಡು ವರ್ಷದಲ್ಲಿ ಆ ಆಶ್ರಮದಲ್ಲಿ ಇದೇ ಮೊದಲು."

ಬಸ್ಸಿನವರೆಲ್ಲ ಕಿಟಕಿಗೆ ಬಂದರು. ಸಣ್ಣತಾಯಮ್ಮನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ದಿನಾ ನೀರು ಕುದಿಸಿ ಕುದಿಸಿ ನಿಮ್ಮನ್ನ ಬದುಕಿಸಿದ್ನಲ್ಲೋ! ಹೊರು ಟ್ರಂಕು. ಎಲ್ಲರ ಮುಂದೂ ಹೇಳೋ ತನಕ ಇಳಿಸ್ಬೇಡ."

ಮಾದಪ್ಪ ಟ್ರಂಕನ್ನು ತಲೆಯ ಮೇಲೆ ಹೊತ್ತು ಒಂಬತ್ತು ಮಂದಿಯ ಎದುರೂ ಒಬ್ಬೊಬ್ಬರಾಗಿ ನಿಂತು ಹೇಳಿದ. ಒಬ್ಬಿಬ್ಬರಿಗೆ ಕಿವಿ ಮಂದ, ಅವರಿಗೆ ಎರಡೆರಡು ಸಲ ಹೇಳಬೇಕಾಯಿತು. ಕತ್ತು ಇಳಿದುಹೋಯಿತು.

ಅಂದು ಮತ್ತೆ ಸಣ್ಣತಾಯಮ್ಮನ ಸಾರು. ಎಲ್ಲರೂ ಸುರಿದು ಸುರಿದು ಉಂಡರು. ಆದರೆ ಬಡಿಸುವ ಮುಂಚೆ ಕೆಂಪಯ್ಯ ಯಾರಿಗೂ ಕಾಣದಂತೆ ಹೋಗಿ, ತೊಳೆದಿಟ್ಟ ತಟ್ಟೆಯನ್ನು ಇನ್ನೊಮ್ಮೆ ತೊಳೆದುಕೊಂಡು ಬಂದರು.

ಮಾದಪ್ಪ ಅದನ್ನು ಕಂಡ. ಊಟವಾದ ಮೇಲೆ ಜಗಲಿಗೆ ಹೋದ. ಗುರುಗಳು ಸೂಕ್ಷ್ಮದರ್ಶಕವನ್ನು ಶಾಲಿನ ಅಂಚಿನಿಂದ ಒರೆಸುತ್ತಿದ್ದರು.

"ಗುರುಗಳೇ, ಎಲ್ಲಾ ನಿಜ ಹೇಳಿಬಿಟ್ಟೆ. ಆದ್ರೂ ಕೆಂಪಯ್ಯನೋರು ತಟ್ಟೆ ಎರಡು ಸಲ ತೊಳೆದ್ರು."

"ನೋಡಿದೆ."

"ಅವರಲ್ಲಿ ಇದು ಮೊದಲು ಇರಲಿಲ್ಲ."

"ಇರಲಿಲ್ಲ."

"ಪಕ್ಕದಲ್ಲಿ ನಾನು ನಿಂತಿದ್ದೆ."

ಮಾದಪ್ಪನ ಕಣ್ಣು ತುಂಬಿತು.

"ಆ ಬ್ಯಾಕ್ಟೀರಿಯಾಗಳು, ಗುರುಗಳೇ... ಒಂದು ಸಲ ಸಿಕ್ಕಿದ ತುಣುಕನ್ನ ಯಾವತ್ತಾದ್ರೂ ಬಿಡ್ತವಾ?"

ಗುರುಗಳು ಸೂಕ್ಷ್ಮದರ್ಶಕವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡರು.

"ಹೊತ್ಕೊಂಡು ತಿರುಗೋದು ದಂಡ ಅಂತಾದ್ರೆ ಎಷ್ಟೋ ಬಿಟ್ಟುಬಿಡ್ತವೆ, ಮಾದಪ್ಪ. ಅವೇನು ನಮ್ಮ ಥರ ಎಲ್ಲಾ ಬಿಟ್ಟು ಬಂದಿರೋವಾ?"