ಮಾಳವ್ವ ಬಲೆ ಸುತ್ತಿದ ಕತೆ

ಕಾಲು ಚಾಚಿ ಮಲಕ್ಕೋ, ಹೂಂ ಅಂತಿರು, ಇಲ್ದಿದ್ರೆ ನಿಲ್ಲಿಸಿಬಿಡ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಮಾಳವ್ವ ಅಂತ ಒಬ್ಬ ಕುರುಬರ ಹುಡುಗಿ ಇದ್ಲಂತೆ. ಅವ್ವ ಮೊದಲೇ ಇಲ್ಲ, ಅಪ್ಪನೂ ತೀರ್ಕೊಂಡ, ಉಳಿದಿದ್ದು ಒಂದಿಷ್ಟು ಕುರಿ, ರಾತ್ರಿ ಅವನ್ನ ಕೂಡಿಹಾಕೋ ಬಲೆ, ಗೂಟ. ಆಮೇಲೆ ದೊಡ್ಡಪ್ಪ ಹಾಲಪ್ಪ ಬಂಧುಗಳೆಲ್ಲರ ಮಂದೆ ಕಟ್ಕೊಂಡು ವಲಸೆ ಹೊರಡೋಕೆ ಅಣಿಯಾದನಂತೆ. ಅವರಲ್ಲಿ ಕಟ್ಟಳೆ, ಅವರವರ ಕುರಿ ಅವರವರ ಬಲೆಯೊಳಗೇ ಇರಬೇಕು, ಹೊರಗುಳಿದ್ರೆ ತೋಳ ಬಂದು ಎಲ್ಲರಿಗೂ ಕೇಡು. ಮೂರು ಸಂಜೆಯೊಳಗೆ ನಿನ್ನ ಕುರಿಯೆಲ್ಲ ಒಳಗೆ ಹಿಡಿಸಿದ್ರೆ ಜೊತೆಗೆ ಬಾ, ಇಲ್ದಿದ್ರೆ ಇಲ್ಲೇ ಇರು ಅಂದನಂತೆ. ಬಂಧು ಅನ್ನೋದು ಬಾಯಿಮಾತಿಗಷ್ಟೇ.

ಬಲೆ ಕಟ್ತಿದ್ದಿದ್ದು ಅಪ್ಪ, ಅವಳಿಗೆ ಅಭ್ಯಾಸ ಇಲ್ಲ. ದೊಡ್ಡದಾಗ್ಬೇಕಂದ್ರೆ ಉದ್ದ ಆಗ್ಬೇಕು ಅಂದ್ಕೊಂಡು ಮೊದಲ ಸಂಜೆ ಮಾಳವ್ವ ಬಲೇನ ಉದ್ದಕ್ಕೆ ಎಳೆದು ಕಟ್ಟಿದ್ಲಂತೆ. ಕೆಲವು ಕುರಿ ಹೊರಗುಳಿದವು. ಉದ್ದ ಸಾಲ್ದು ಅಂತ ಎರಡನೇ ಸಂಜೆ ಇನ್ನೂ ಎಳೆದ್ಲಂತೆ, ಓಣಿ ಥರ ಆಗಿ ಅರ್ಧ ಮಂದೆ ಹೊರಗೇ. ಎಲ್ಲರೂ ನಕ್ಕರು, ಉಣ್ಣೋಕೆ ಬಾ ಅಂತ ಒಬ್ರೂ ಕರೀಲಿಲ್ಲ. ಕುರಿಗೆ ಆತ್ಕೊಂಡು ಅತ್ಲಂತೆ ಪಾಪ. ಒಬ್ಬಂಟಿ ಅತ್ರೆ ಯಾರಿಗೆ ಕೇಳ್ಸುತ್ತೆ ಹೇಳು.

ಅಳ್ತಾ ಅಳ್ತಾ ಗೂಟದ ಕಡೆ ನೋಡಿದ್ಲಂತೆ. ಬಲೆ ಇರೋದೇ ಇಷ್ಟು, ಉದ್ದಕ್ಕೆ ಒಂದು ಹೆಜ್ಜೆ ಕೊಟ್ರೆ ಅಗಲದಿಂದ ಒಂದು ಹೆಜ್ಜೆ ಹೋಗುತ್ತೆ ಅಂತ ಹೊಳೀತಂತೆ. ಆಮೇಲೆ ಮೂರನೇ ಸಂಜೆ ಉದ್ದ ಕಡಿಮೆ ಮಾಡ್ತಾ ಬಂದ್ಲು, ಒಳಗಿನ ಜಾಗ ಹೆಚ್ತಾ ಬಂತು, ಉದ್ದ ಅಗಲ ಸಮ ಆದಾಗ ಬಹಳ ಕುರಿ ಹಿಡಿದ್ವು, ಅದನ್ನೂ ದಾಟಿದ್ರೆ ಮತ್ತೆ ಇಕ್ಕಟ್ಟು. ಸಮಕ್ಕೇ ವಾಪಸ್ ತಂದ್ಲಂತೆ. ಆದ್ರೂ ಒಂದು ತಾಯಿಕುರಿ, ಅದರ ಮರಿ ಹೊರಗೆ. ಆಮೇಲೆ ಮೂಲೆಗಳನ್ನ ಒಳಗೊತ್ತಿ, ಪಕ್ಕಗಳನ್ನ ಹೊರಗುಬ್ಬಿಸಿ, ನಡುವೆ ಗೂಟ ನೆಟ್ಟು ಹಗ್ಗ ಹಿಡಿದು ಸುತ್ತಲೂ ಒಂದೇ ಅಳತೆಗೆ ದುಂಡಗೆ ಕಟ್ಟಿದ್ಲಂತೆ. ತಾಯಿ ಮರಿ ಎರಡೂ ಒಳಗೆ ಬಂದು, ಅವಳು ಮಲಗೋಕೂ ಜಾಗ ಮಿಕ್ತು.

ಬೆಳಿಗ್ಗೆ ದೊಡ್ಡಪ್ಪ ಬಂದು ಸುತ್ತ ಒಂದು ಬಾರಿ ನಡೆದು ನೋಡಿ, ಇದು ಅದೇ ಬಲೆಯೇನೇ ಅಂದನಂತೆ. ಅದೇ ದೊಡ್ಡಪ್ಪ ಅಂದ್ಲಂತೆ. ಅವನು ಅವಳ ಗೂಟ ಎಲ್ಲ ಕಿತ್ತು ತನ್ನ ಹೆಗಲಿಗೆ ಹಾಕ್ಕೊಂಡು, ನಡಿ ಮಗಾ, ಬಿಸಿಲೇರುತ್ತೆ ಅಂದನಂತೆ. ಅಪ್ಪ ಹೋದ್ಮೇಲೆ ಅವಳನ್ನ ಯಾರೂ ಮಗಾ ಅಂದಿರಲಿಲ್ಲ. ಆಮೇಲೆ ಕುರಿ ಹೊಡ್ಕೊಂಡು ಎಲ್ಲರ ಜೊತೆ ಹೋಗಿ ಸುಖವಾಗಿದ್ಲಂತೆ. ಕತೆ ಮುಗೀತು, ಹತ್ರ ಸರಿದು ಮಲಕ್ಕೋ.