ವಲ್ಲಿಯ ಕೆಳಗಿನ ಕೈ

"ಅಜ್ಜಾರ, ನಾಲ್ಕು ಮಂದಿ ಸೇರಿದ ಕಡೆ ಏನಾದರೂ ಗಲಾಟೆಯಾದರೆ ಒಬ್ಬ ಓಡಿ ಬರುತ್ತಾನೆ, ಒಬ್ಬ ಓಡಿ ಹೋಗುತ್ತಾನೆ, ಒಬ್ಬ ನಗುತ್ತಾನೆ, ಒಬ್ಬ ಸುಮ್ಮನೆ ನಿಂತು ನೋಡುತ್ತಾನೆ. ಇವರಲ್ಲಿ ಕರುಳಿಲ್ಲದವನು ಯಾರು?"

ಶಿಷ್ಯ ಇಷ್ಟು ಕೇಳಿ ಸುಮ್ಮನಾಗಲಿಲ್ಲ. ದನದ ಹಲ್ಲು ನೋಡಿ ವಯಸ್ಸು ಹೇಳುವಂತೆ ಮನುಷ್ಯನ ಮುಖ ನೋಡಿ ಗುಣ ಹೇಳಬಲ್ಲೆ, ಈ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರು ಈ ಸೀಮೆಯಲ್ಲೇ ಇಲ್ಲ ಎಂದೂ ಸೇರಿಸಿದ.

ಮಠದ ಅಜ್ಜ ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಜೋಡಿ ಎತ್ತುಗಳಲ್ಲಿ ಒಂದು ಸತ್ತಿತ್ತು. ಉಳಿದದ್ದನ್ನು ಮಾರದೆ ಹೊಸ ಜೋಡಿ ಕಟ್ಟುವಂತಿರಲಿಲ್ಲ, ಜೋಡಿಯಿಲ್ಲದೆ ಬಿತ್ತುವಂತಿರಲಿಲ್ಲ. ಎರಡು ಸಂತೆ ತಿರುಗಿದರೂ ಒಂಟಿ ಎತ್ತನ್ನು ಯಾರೂ ಕೇಳಲಿಲ್ಲ. ಮೂರನೆಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಬಂದು ನಿಂತ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಂದು ಬೆರಳಿಗೆ ಇಷ್ಟು ಎಂಬ ಲೆಕ್ಕದಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ಕಟ್ಟುತ್ತಾರೆ. ಮಾತು ಮುಗಿಯುವ ಮೊದಲು ಮಾರುವವನು ಕೈ ಎಳೆದುಕೊಂಡರೆ, ಎತ್ತಿಗೆ ಏನೋ ಸುಳಿದೋಷವಿದೆ ಎಂದು ಸಂತೆಯೆಲ್ಲ ಗುಸುಗುಸು ಹಬ್ಬುತ್ತದೆ. ಆಮೇಲೆ ಪುಕ್ಕಟೆ ಕೊಟ್ಟರೂ ಅದರ ಹಗ್ಗ ಹಿಡಿಯುವವರಿಲ್ಲ.

ಇಬ್ಬರ ಕೈಗಳೂ ವಲ್ಲಿಯ ಕೆಳಗಿದ್ದವು. ಮೂರು ಮಾರು ದೂರದಲ್ಲಿ ಹಗ್ಗ ಮಾರುತ್ತ ಕೂತಿದ್ದ ಪರವೂರಿನವನೊಬ್ಬ ದಿಢೀರನೆ ಎದ್ದು ನಿಂತ. ಎದೆ ಹಿಡಿದುಕೊಂಡು ಏನೋ ಕೂಗಿದ. ನಾಲ್ಕು ಹೆಜ್ಜೆ ತೂರಾಡಿ ಮತ್ತೆ ಅದನ್ನೇ ಕೂಗಿದ. ಬಿದ್ದ. ಬಿದ್ದಲ್ಲಿಂದಲೂ ಕೂಗಿದ. ದನಗಳು ಬೆದರಿದವು.

ಚಹಾ ಮಾರುವವನು ಮೊದಲು ತನ್ನ ಪಾತ್ರೆ ಒಳಗೆ ಎಳೆದುಕೊಂಡ. ಇಬ್ಬರು ಪಡ್ಡೆ ಹುಡುಗರು ಕುಡುಕನೆಂದು ನಕ್ಕು, ಆ ತೂರಾಟವನ್ನು ಅಣಕಿಸಿ ತೋರಿಸಿದರು. ಒಬ್ಬ ಮುದುಕಿ ಮೈಮೇಲೆ ದೇವರು ಬಂದಿದೆಯೆಂದು ಅವನ ಹಣೆಗೆ ಭಂಡಾರದ ಅರಿಸಿನ ಹಚ್ಚಿ, ತನ್ನ ಸೊಸೆಗೆ ಮಕ್ಕಳಾಗುತ್ತವೆಯೇ ಎಂದು ಕೇಳಿದಳು. ಯಾರೋ ಚಪ್ಪಲಿ ಮೂಸಿಸಿ ಎಂದರು. ಯಾರ ಚಪ್ಪಲಿ ಎಂಬುದರ ಮೇಲೆ ಅಲ್ಲೇ ಚರ್ಚೆಯಾಯಿತು.

ರೈತ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ರಕ್ತ ಕುದಿಯಿತು.

"ನೋಡ್ರಿ ಸಾಹುಕಾರ್ರ, ಇಷ್ಟು ಮಂದಿಯೊಳಗ ಒಬ್ಬನಿಗಾದರೂ ಕರುಳು ಐತೇನು?"

"ಕರುಳು ಆಮೇಲೆ ನೋಡೋಣು. ನೀ ಮೊದಲು ಆ ಕಿರುಬೆರಳು ಬಿಡು" ಎಂದ ವ್ಯಾಪಾರಿ.

ವ್ಯಾಪಾರ ಕುದುರಿತು. ವಲ್ಲಿ ತೆಗೆಯುವ ಹೊತ್ತಿಗೆ ಹಗ್ಗದವನು ಸತ್ತಿದ್ದ.

ರೈತ ಹೊಸ ಜೋಡಿ ಕಟ್ಟಿದ, ಹದಕ್ಕೆ ಸರಿಯಾಗಿ ಬಿತ್ತಿದ. ಸಂಜೆ ಊರಿನ ಕಟ್ಟೆಯ ಮೇಲೆ ಕೂತು ಸಂತೆಯ ಸಂಗತಿ ಹೇಳತೊಡಗಿದ. ಚಹಾದವನ ಕೈ, ಪಡ್ಡೆಗಳ ನಗೆ, ಮುದುಕಿಯ ದನಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಅವನು ಹೇಳಿದರೆ ಕಣ್ಣಿಗೆ ಕಟ್ಟಿದಂತಿರುತ್ತದೆ ಎಂದು ಮಂದಿ ಹೊಗಳಿದರು. ಪಕ್ಕದ ಊರಿನವರು ಕರೆಸಿ ಹೇಳಿಸಿದರು. ಲೋಕವನ್ನು ಅಳೆಯುವುದರಲ್ಲಿ ತಾನು ಪಳಗಿದವನು ಎಂದು ಅವನಿಗೂ ಅನ್ನಿಸಿತು.

ಹಾಗೆ ಹಬ್ಬಿದ ಮಾತು ಹಗ್ಗದವನ ಹೆಂಡತಿಯ ಕಿವಿಗೂ ಬಿತ್ತು. ಎಲ್ಲವನ್ನೂ ಕಂಡವನು ಒಬ್ಬನಿದ್ದಾನೆ, ಇದ್ದದ್ದು ಇದ್ದಂತೆ ಹೇಳುತ್ತಾನೆ ಎಂದು ಯಾರೋ ತಿಳಿಸಿದ್ದರು. ಎರಡು ದಿನ ನಡೆದು ಬಂದಳು. ಕೊಟ್ಟ ನೀರನ್ನು ಪಕ್ಕಕ್ಕಿಟ್ಟು ಹೊಸ್ತಿಲಲ್ಲಿ ಕೂತಳು. ರೈತ ಎಂದಿನಂತೆ ಹೇಳಿದ. ಒಬ್ಬರನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಅವರದೆಲ್ಲ ಇರಲಿ ಅಣ್ಣಾ. ನಮ್ಮವರು ಏನಂತ ಕೂಗಿದರು?"

ರೈತ ಬಾಯಿ ತೆರೆದ. ಹಗ್ಗದವನು ಮೂರು ಸಲ ಕೂಗಿದ್ದು ನೆನಪಿತ್ತು. ಮೂರು ಸಲವೂ ಒಂದೇ ಮಾತು ಎಂಬುದೂ ನೆನಪಿತ್ತು. ಆ ಮಾತು ಯಾವುದು ಎಂದು ಎಷ್ಟು ತಡಕಿದರೂ ಸಿಗಲಿಲ್ಲ. ನೀರು ಕೇಳಿದನೋ, ದೇವರನ್ನು ನೆನೆದನೋ, ಇವಳ ಹೆಸರನ್ನೇ ಕರೆದನೋ ತಿಳಿಯದು. ನಿನ್ನ ಹೆಸರನ್ನೇ ಕರೆದ ತಾಯಿ ಎಂದು ಹೇಳಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದ. ಅವಳ ಹೆಸರೂ ಅವನಿಗೆ ಗೊತ್ತಿರಲಿಲ್ಲ.

"ಗದ್ದಲ ಭಾಳ ಇತ್ತವ್ವಾ" ಎಂದ.

ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಸೆರಗು ಕೊಡವಿಕೊಂಡು ಎದ್ದಳು. ಆ ಚಹಾದವನ ಊರಿಗೆ ಯಾವ ಕಡೆಯಿಂದ ಹೋಗಬೇಕು ಎಂದು ಕೇಳಿ, ರೈತ ತೋರಿಸಿದ ದಾರಿ ಹಿಡಿದಳು. ಮಾರನೆಯ ದಿನದಿಂದ ರೈತ ಕಟ್ಟೆಗೆ ಹೋಗುವುದನ್ನು ಬಿಟ್ಟ. ಮಂದಿ ಕರೆದರೂ ಹೋಗಲಿಲ್ಲ.

ಅಜ್ಜ ಕತೆ ನಿಲ್ಲಿಸಿದರು. ಶಿಷ್ಯ ಮಾತ್ರ ಸೋಲು ಒಪ್ಪಲಿಲ್ಲ. ಕೈ ಎಳೆದುಕೊಂಡಿದ್ದರೆ ಆ ವರ್ಷದ ಬಿತ್ತನೆಯೇ ಹೋಗುತ್ತಿತ್ತು, ಅದು ಸಂತೆಯ ಪದ್ಧತಿ, ಕೈ ಕಟ್ಟಿಹಾಕಿದಂತಿದ್ದ ಆ ಬಡಪಾಯಿ ಏನು ತಾನೇ ಮಾಡಬಹುದಿತ್ತು ಎಂದು ವಾದಿಸಿದ.

ಅಜ್ಜ ಹೇಳಿದರು: "ಕೈ ವಲ್ಲಿಯ ಕೆಳಗಿತ್ತು ತಮ್ಮಾ, ಕಿವಿ ಹೊರಗೇ ಇತ್ತು."