ಏಳು ಕೀಲಿನ ಕೈ

ಹುಬ್ಬಳ್ಳಿಯ ಕುಕ್ಕರ್ ಕಾರ್ಖಾನೆಯಲ್ಲಿ ಮುಚ್ಚಳಗಳನ್ನು ಪೆಟ್ಟಿಗೆಗೆ ತುಂಬಲು ಮೇಲ್ವಿಚಾರಕಿ ಗುರುಬಸಮ್ಮ ಎರಡು ರೋಬಾಟ್ ಕೈಗಳನ್ನು ಪರೀಕ್ಷೆಗೆ ತರಿಸಿದರು. ಒಂದಕ್ಕೆ ನಾಲ್ಕು ಕೀಲು, ಇನ್ನೊಂದಕ್ಕೆ ಏಳು.

"ನಾನು ಕಂಬ ಸುತ್ತಿಯೂ ಮುಚ್ಚಳ ಇಡಬಲ್ಲೆ," ಎಂದಿತು ಏಳು ಕೀಲಿನದು.

"ನನಗೆ ಎತ್ತುವುದು, ಇಡುವುದು ಎರಡೇ ಗೊತ್ತು," ಎಂದಿತು ನಾಲ್ಕು ಕೀಲಿನದು.

ಏಳು ಕೀಲಿನದನ್ನೇ ಕೊಳ್ಳೋಣವೆಂದು ಗುರುಬಸಮ್ಮ ಮಾಲೀಕರಿಗೆ ಹೇಳಿಯೂ ಬಿಟ್ಟರು. ಪರೀಕ್ಷೆ ಶುರುವಾದಾಗ ಅದು ಮುಚ್ಚಳ ಹಿಡಿದು ಎಡಕ್ಕೆ ಬಾಗಿತು, ಮೊಣಕೈ ಎತ್ತಿತು, ಬಲಕ್ಕೆ ತಿರುಚಿಕೊಂಡು ನಿಂತೇ ಬಿಟ್ಟಿತು.

"ಯಾಕೆ ನಿಂತೆ?"

"ನೂರು ದಾರಿಗಳಿವೆ ಅಮ್ಮಾ. ಚಂದದ್ದನ್ನು ಆರಿಸುತ್ತಿದ್ದೇನೆ."

ಅಷ್ಟರಲ್ಲಿ ನಾಲ್ಕು ಕೀಲಿನದು ಪೆಟ್ಟಿಗೆ ತುಂಬಿಸಿ ಇನ್ನೊಂದು ಕೇಳಿತು. ಮಾಲೀಕರ ಮುಂದೆ ಗುರುಬಸಮ್ಮನ ಮುಖ ಸಣ್ಣದಾಯಿತು.

ಪಕ್ಕದಲ್ಲೇ ಕಿರಿದಾದ ಬಾಯಿಯ ದೊಡ್ಡ ತೊಟ್ಟಿಯೊಂದು ಒಳಗಿನ ಬೆಸುಗೆಗಾಗಿ ಕಾದು ಕುಳಿತಿತ್ತು. "ಅದನ್ನೂ ಮುಗಿಸುತ್ತೇನೆ," ಎಂದು ಗೆದ್ದ ಕೈ ನುಗ್ಗಿ, ಬಾಯಲ್ಲೇ ಸಿಕ್ಕಿಕೊಂಡು, "ಯಾರಾದರೂ ನನ್ನನ್ನು ಎಳೆಯಿರಿ," ಎಂದಿತು. ಅದನ್ನು ಎಳೆದು ತೆಗೆದ ಮೇಲೆ ಏಳು ಕೀಲಿನದು ಮೈ ಮಡಚಿ ಒಳಹೊಕ್ಕು ಮೂಲೆಮೂಲೆಯನ್ನೂ ಬೆಸೆದು ಬಂತು. ಗುರುಬಸಮ್ಮ ಎರಡನ್ನೂ ಉಳಿಸಿಕೊಂಡರು.

ಮರುವಾರ ಬೇರೆ ಕಾರ್ಖಾನೆಯವರು ಫೋನು ಮಾಡಿ, ಎಷ್ಟು ಕೀಲಿನ ಕೈ ಒಳ್ಳೆಯದೆಂದು ಕೇಳಿದರು.

"ಕೀಲು ಆಮೇಲೆ ಎಣಿಸೋಣ," ಎಂದರು ಗುರುಬಸಮ್ಮ. "ನಿಮ್ಮ ಕೆಲಸ ಎಷ್ಟು ಡೊಂಕಾಗಿದೆ, ಅದನ್ನು ಮೊದಲು ಹೇಳಿ."